ಸೌಟಕ್ಕನ ಪಾತ್ರೆಗೆ ಎರಡನೇ ನಾಲಿಗೆ

ಬಸ್ ಡಿಪೋದ ಎದುರಿಗಿರುವ ಸಣ್ಣ ಊಟದಂಗಡಿಯಲ್ಲಿ ಅಡುಗೆ ಮಾಡುತ್ತಿದ್ದ ನನ್ನ ಗೆಳತಿ ಈ ಸಲ ಚಳಿಗಾಲ ಕಾಲಿಡುವ ಹೊತ್ತಿಗೆ ತೀರಿಕೊಂಡಳು. ಡಿಪೋದವರೆಲ್ಲ ಅವಳನ್ನು ಸೌಟಕ್ಕ ಎನ್ನುತ್ತಿದ್ದರು. ಯಾರಾದರೂ ಬಟ್ಟಲಲ್ಲಿ ಅರ್ಧ ಬಿಟ್ಟು ಎದ್ದರೆ ಅವಳು ಸೌಟು ಹಿಡಿದುಕೊಂಡೇ ಬಾಗಿಲ ತನಕ ಹಿಂದೆ ಬಂದು, "ಏನಪ್ಪಾ, ಮನೇಲಿ ಹೆಂಡ್ತಿ ಬೈದ್ಲಾ, ಇಲ್ಲಾ ನನ್ನ ಸೂಪು ಬೈತಾ?" ಎಂದು ಕೇಳುತ್ತಿದ್ದಳು. ಆ ಸೌಟು ಹೆಸರಿಗೇ ಅಂಟಿಕೊಂಡಿತು.

ಸಾವಿನ ಮನೆಗೆ ಬಂದವರೆಲ್ಲ ಅವಳ ಕೈರುಚಿಯ ಮಾತನ್ನೇ ಆಡಿದರು. ಆ ಮಾತು ಬಂದಾಗಲೆಲ್ಲ ಅವಳ ಅತ್ತೆ ಎದ್ದು ಒಳಗೆ ಹೋಗುತ್ತಿದ್ದರು. ಸೊಸೆ ಸತ್ತ ದುಃಖ ಎಂದು ಜನ ತಿಳಿದುಕೊಂಡರು. ದುಃಖವೇನೋ ಇತ್ತು. ಆದರೆ ಆ ಕೈಯ ರುಚಿ ಕೊನೆಕೊನೆಗೆ ಹೇಗೆ ಹುಟ್ಟುತ್ತಿತ್ತು ಎಂಬುದು ಆ ಮನೆಯವರಿಗೂ ಅಂಗಡಿಗೆ ದಿನಾ ಬರುವ ಕೆಲವರಿಗೂ ನನಗೂ ಬಿಟ್ಟರೆ ಬೇರೆಯವರಿಗೆ ಗೊತ್ತಿಲ್ಲ. ಅದನ್ನು ಬರೆದಿಡಬೇಕು ಎನಿಸಿದೆ.

ನಾನು ಅಂಗಡಿಯ ಪಕ್ಕದ ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ಅವಳು ನನ್ನನ್ನು ತಪ್ಪಮ್ಮ ಎಂದು ಕರೆಯುತ್ತಿದ್ದಳು. "ದಿನಾ ಬೇರೆಯೋರ ತಪ್ಪು ಹುಡುಕಿ ಸಂಬಳ ತಗೊಳ್ಳೋಳು ನೀನೊಬ್ಳೇ ಕಣೇ. ನಮ್ಮತ್ತೆ ಅದನ್ನ ಪುಕ್ಕಟೆ ಮಾಡ್ತಾರೆ," ಎನ್ನುವುದು ಅವಳ ಹಳೆಯ ತಮಾಷೆ. ಅತ್ತೆ ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರೂ ಹಾಗೇ ಹೇಳುತ್ತಿದ್ದಳು. ಅವರು ತಲೆ ಎತ್ತದೆ, "ಪುಕ್ಕಟೆ ಅಂತಾನೇ ನೀನು ಕಿವಿಗೆ ಹಾಕ್ಕೊಳ್ಳಲ್ಲ," ಎನ್ನುತ್ತಿದ್ದರು.

ಅಂಗಡಿ ಮೊದಲು ಅತ್ತೆಯದೇ. ಎರಡು ಬೆಂಚು, ಗೋಡೆಗೆ ಒತ್ತಿಕೊಂಡ ಒಂದು ಉದ್ದ ಹಲಗೆ, ಹಿಂದುಗಡೆ ಒಲೆಮನೆ. ಒಲೆಮನೆಯ ಕಿಟಕಿಯಿಂದ ಡಿಪೋದ ಗೇಟು ಕಾಣುತ್ತದೆ. ಒಳಗೆ ಬಂದ ಬಸ್ಸು ಯಾವುದು, ಇಳಿದ ಡ್ರೈವರ್ ಹಸಿದಿದ್ದಾನೋ ಸಿಟ್ಟಾಗಿದ್ದಾನೋ ಎಂದು ಅಲ್ಲಿಂದಲೇ ನೋಡಿ ಬಟ್ಟಲು ತುಂಬಬಹುದು. ಮಂಡಿ ನೋವು ಹೆಚ್ಚಾಗಿ ನಿಲ್ಲಲಾರದೆ ಹೋದಾಗ ಅತ್ತೆ ಒಲೆಯನ್ನು ಸೊಸೆಗೆ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟರು ಎಂದೆ, ಕಿತ್ತುಕೊಟ್ಟಷ್ಟು ಕಷ್ಟವಾಗಿತ್ತು. ಆದರೆ ಕೊಟ್ಟ ಮೇಲೆ ಅವರು ಒಂದು ಕಟ್ಟುಪಾಡಿಗೆ ಗಟ್ಟಿಯಾಗಿ ನಿಂತರು. ಅವರ ಒಲೆಮನೆಯಲ್ಲಿ ಮೊದಲಿನಿಂದಲೂ ಒಂದು ಪಾತ್ರೆಗೆ ಒಂದೇ ನಾಲಿಗೆ. ಯಾರು ಅಡುಗೆ ಮಾಡುತ್ತಾರೋ ಅವರೇ ರುಚಿ ನೋಡಬೇಕು. ಬೇರೆಯವರು ಚಮಚ ಅದ್ದಿ ನಾಲಿಗೆಗೆ ಹಚ್ಚಿಕೊಂಡು "ಇನ್ನೊಂದು ಚೂರು ಖಾರ" ಎಂದರೆ ಅಡುಗೆಯವಳನ್ನು ಎಲ್ಲರೆದುರು ಬೈದಂತೆ. ಇಷ್ಟವಾಗದಿದ್ದರೆ ಉಂಡಮೇಲೆ ಹೇಳು, ಪಾತ್ರೆಯ ಹತ್ತಿರ ಹೇಳಬೇಡ. ತಾನು ಒಲೆ ಬಿಟ್ಟ ದಿನದಿಂದ ಅತ್ತೆ ಆ ಪಾತ್ರೆಗಳಿಗೆ ಒಂದು ಸಲವೂ ಚಮಚ ಅದ್ದಿರಲಿಲ್ಲ. ಸೊಸೆಯ ನಡೆ, ಉಡುಪು, ನಗು ಎಲ್ಲಕ್ಕೂ ಮಾತು ಸೇರಿಸುತ್ತಿದ್ದರು. ಸೂಪಿಗೆ ಮಾತ್ರ ಇಲ್ಲ.

ಎಲೆ ಉದುರುವ ಕಾಲ ಸೌಟಕ್ಕನ ಕಾಲ. ಬೇಸಿಗೆಯಲ್ಲಿ ಅವಳ ಅಂಗಡಿ ಬೇರೆ ಅಂಗಡಿಗಳ ಹಾಗೇ ಇರುತ್ತಿತ್ತು. ಗಾಳಿ ತಣ್ಣಗಾಗಿ, ಡಿಪೋದ ಗೋಡೆಯ ಪಕ್ಕದ ಮರಗಳು ಹಳದಿ ತಿರುಗಿದ ಕೂಡಲೇ ಅವಳಿಗೆ ಮೈಯಲ್ಲಿ ಏನೋ ಹೊಕ್ಕಂತಾಗುತ್ತಿತ್ತು. ಸಂತೆಯಿಂದ ಸಿಹಿಗುಂಬಳ ಗಾಡಿಯಲ್ಲಿ ಬರುತ್ತಿತ್ತು. ಅವನ್ನು ಸೀಳಿ, ಬೀಜ ತೆಗೆದು, ಕಬ್ಬಿಣದ ತಟ್ಟೆಯ ಮೇಲೆ ಬೋರಲು ಹಾಕಿ, ನಡುನಡುವೆ ಬೆಳ್ಳುಳ್ಳಿ ಗಡ್ಡೆಗಳನ್ನು ಇಡಿಯಾಗಿ ಇಟ್ಟು ಸುಡುತ್ತಿದ್ದಳು. ಇನ್ನೊಂದು ಪಾತ್ರೆಯಲ್ಲಿ ಬೆಣ್ಣೆಗೆ ಈರುಳ್ಳಿ ಬಿದ್ದು ನಿಧಾನಕ್ಕೆ ಕಂದುತ್ತಿತ್ತು. ಎರಡೂ ಕೂಡಿ, ಕುದಿದು, ಮೆಣಸಿನಪುಡಿ ಬಿದ್ದು, ಕೊನೆಗೆ ಕೆನೆ ಸುತ್ತಿಕೊಂಡು ಸೂಪಾಗುತ್ತಿತ್ತು. ಕೆಂಡದಲ್ಲಿ ಹೂತ ಗೆಣಸು ಬೇರೆ. ಪಕ್ಕದ ಚಿಕ್ಕ ಒಲೆಯಲ್ಲಿ ಸೇಬಿನ ರಸ ಶುಂಠಿ, ಚಕ್ಕೆ, ಲವಂಗದ ಜತೆ ದಿನವಿಡೀ ಬೆಚ್ಚಗೆ ಕೂತಿರುತ್ತಿತ್ತು. ಮೊದಲ ಬಸ್ಸಿಗೆ ಹೊರಡುವವರು ಆ ರಸದ ಲೋಟವನ್ನು ಕುಡಿಯುವ ಮುಂಚೆ ಎರಡೂ ಕೈಯಲ್ಲಿ ಹಿಡಿದು ಮುಖಕ್ಕೆ ಆವಿ ತೆಗೆದುಕೊಳ್ಳುತ್ತಿದ್ದರು. ಪ್ರೆಸ್ಸಿನ ಮೆಟ್ಟಿಲ ತನಕ ಆ ವಾಸನೆ ಬರುತ್ತಿತ್ತು. ಕರಡಿನ ಹಾಳೆಗಳಿಗೂ ಹತ್ತುತ್ತಿತ್ತು.

ಈ ಬೇಸಿಗೆಯಲ್ಲಿ ಅವಳಿಗೆ ಒಂದು ಜ್ವರ ಬಂತು, ಬಿಟ್ಟಿತು. ಅದಾಗಿ ಕೆಲವು ವಾರಕ್ಕೆ ಅವಳು ಪ್ರೆಸ್ಸಿಗೆ ಬಂದು ನನ್ನ ಮೇಜಿನ ಎದುರು ಕೂತಳು. ಕೈಯಲ್ಲಿ ಜಜ್ಜಿದ ಶುಂಠಿಯ ತುಂಡಿತ್ತು.

"ಮೂಸು," ಎಂದಳು.

ಮೂಸಿದೆ.

"ಏನು?"

"ಶುಂಠಿ ಕಣೇ. ಇನ್ನೇನು?"

"ನನಗೆ ಕಲ್ಲು," ಎಂದಳು. "ಬೆಳ್ಳುಳ್ಳೀನೂ ಕಲ್ಲು. ಸೋಪೂ ಕಲ್ಲು. ನಿನ್ನೆ ನಮ್ಮೆಜಮಾನ್ರ ಶರ್ಟಿಗೆ ಮುಖ ಇಟ್ಟು ನೋಡ್ದೆ. ಆ ಡೀಸೆಲ್ಲೂ ಇಲ್ಲ. ಇಷ್ಟು ವರ್ಷ ಅದಕ್ಕೆ ಬೈದಿದೀನಿ, ಈಗ ಅದನ್ನಾದ್ರೂ ಕೊಡಪ್ಪಾ ಅಂತ ಮೂಸಿದ್ದು."

ನಗುತ್ತಲೇ ಹೇಳಿದಳು. ಆಮೇಲೆ ಶುಂಠಿಯನ್ನು ನನ್ನ ಕಾಗದಗಳ ಮೇಲಿಟ್ಟು ಕೈ ಮುಷ್ಟಿ ಮಾಡಿಕೊಂಡಳು. ಬಾಯಿಗೆ ಹಾಕಿದ್ದೆಲ್ಲ ಒದ್ದೆ ಹಿಟ್ಟಿನಂತಾಗಿದೆ ಎಂದಳು. ಉಪ್ಪು ಇದೆ ಎಂಬಷ್ಟು ಗೊತ್ತಾಗುತ್ತದಂತೆ, ಸಾಕೋ ಬೇಕೋ ತಿಳಿಯದಂತೆ. ಅದನ್ನು ಬಾಯಿಗೆ ಹಾಕಿಕೊಳ್ಳಲೇ ಅಸಹ್ಯವಾಗಿ ರುಚಿ ನೋಡುವುದನ್ನೇ ಬಿಟ್ಟಿದ್ದಳು.

ಅವಳನ್ನು ಹತ್ತಿರದ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಶೀತ ಒಳಗೆ ಕಟ್ಟಿಕೊಂಡಿದೆ, ಬಂದೇ ಬರುತ್ತದೆ ಎಂದು ಅವರು ಮೂಗಿಗೆ ಹನಿ ಕೊಟ್ಟರು. ಅವಳಿಗೆ ಅಷ್ಟೇ ಬೇಕಾಗಿತ್ತು. "ಎಲೆ ಉದುರೋ ಹೊತ್ತಿಗೆ ಬಂದ್ಬಿಡುತ್ತೆ. ಅಲ್ಲೀತನಕ ನೀನು ಬಾಯಿ ಬಿಡ್ಬೇಡ. ಅತ್ತೆ ಹತ್ರ ಅಂತೂ ಬೇಡ."

"ಅವರಿಗೆ ಗೊತ್ತಾದ್ರೆ ಏನಾಗುತ್ತೆ?"

"ಏನೂ ಆಗಲ್ಲ. ಪಾಪ ಅಂತಾರೆ. ಎಲ್ಲಾ ಪಾಪ ಅಂತಾರೆ. ಆಮೇಲೆ ನಾನು ಹಾಕಿದ್ದನ್ನ ಪಾಪ ಅಂತಾನೇ ತಿಂತಾರೆ. ಚೆನ್ನಾಗಿದೆ ಅಂದ್ರೂ ನಾನು ಯಾವುದನ್ನ ನಂಬ್ಲಿ ಹೇಳು?"

ಅವಳ ಭಯ ಅದೇ ಆಗಿತ್ತು. ಒಲೆ ಕೈತಪ್ಪುವ ಭಯಕ್ಕಿಂತ ದೊಡ್ಡದು ಅದು. ಬಟ್ಟಲು ಖಾಲಿಯಾಗಿ ಬಂದರೆ ಅದು ನಿಜವಾಗಿ ಖಾಲಿಯಾಗಿರಬೇಕು.

ಮೂಗಿನ ಹನಿ ಮುಗಿಯಿತು. ಮರಗಳು ಹಳದಿಯಾದವು. ವಾಸನೆ ಬರಲಿಲ್ಲ. ಅವಳು ಕಣ್ಣು, ಕಿವಿಗಳಿಂದ ಅಡುಗೆ ಶುರು ಮಾಡಿದಳು. ಈರುಳ್ಳಿ ಕಂದಿದ್ದನ್ನು ಬಣ್ಣದಿಂದ ತಿಳಿದುಕೊಂಡಳು. ಬೆಣ್ಣೆಯ ನೀರು ಆರಿದ್ದನ್ನು ಅದರ ಚಟಪಟ ಸದ್ದು ಅಡಗಿದ್ದರಿಂದ ತಿಳಿದುಕೊಂಡಳು. ಮೆಣಸು ಸಾಕಾಯಿತೇ ಎಂದು ಪಾತ್ರೆಯ ಮೇಲೆ ಬಗ್ಗಿ ಕಣ್ಣು ಉರಿಯುವ ತನಕ ಕಾಯುತ್ತಿದ್ದಳು. ಉಪ್ಪಿಗೆ ಮಾತ್ರ ಏನೂ ಇರಲಿಲ್ಲ. ಅದಕ್ಕೊಂದು ಹಳೇ ಔಷಧಿಯ ಮುಚ್ಚಳ ಇಟ್ಟುಕೊಂಡು, ಅದರಲ್ಲಿ ಅಳೆದು, ಅಂಚನ್ನು ಚಾಕುವಿನಿಂದ ಸವರಿ ಹಾಕುತ್ತಿದ್ದಳು. ಹಿಂದೆ ಮಾತಾಡುತ್ತಾ ಅಡುಗೆ ಮಾಡುತ್ತಿದ್ದವಳು ಈಗ ಉಪ್ಪು ಹಾಕುವಾಗ ಯಾರ ಮಾತಿಗೂ ಉತ್ತರ ಕೊಡುತ್ತಿರಲಿಲ್ಲ. ನಾನು ಊಟಕ್ಕೆ ಹೋದಾಗ ಮುಖ ನೋಡುತ್ತಿದ್ದಳು. ನಾನು ಇದ್ದದ್ದು ಇದ್ದಹಾಗೆ ಹೇಳುತ್ತಿದ್ದೆ. ಮೊದಮೊದಲು ಸಪ್ಪೆ ಎಂದಿದ್ದೆ. ಮುಚ್ಚಳದ ಅಳತೆ ಬಂದ ಮೇಲೆ ಸರಿಯಾಗಿದೆ ಎಂದೆ. ನಿಜವಾಗಿ ಸರಿಯಾಗಿತ್ತು.

ಆಮೇಲೆ ಪ್ರೆಸ್ಸಿನಲ್ಲಿ ಶಾಲೆಯ ಪುಸ್ತಕಗಳ ಕೆಲಸ ಬಂದು ಕೆಲವು ದಿನ ನಾನು ಮಧ್ಯಾಹ್ನ ಮೇಜಿನಿಂದ ಏಳಲಾಗಲಿಲ್ಲ. ಆ ದಿನಗಳಲ್ಲೇ ಒಳಗೆ ಬೇರೊಂದು ಸಂಗತಿ ಬೆಳೆಯುತ್ತಿತ್ತು.

ನಾನು ಮತ್ತೆ ಊಟಕ್ಕೆ ಹೋದ ದಿನ ಅಂಗಡಿ ತುಂಬಿತ್ತು. ಹೊರಗೆ ಹನಿ ಬೀಳುತ್ತಿದ್ದುದರಿಂದ ಎಲ್ಲರೂ ಒತ್ತಿಕೊಂಡು ಕೂತಿದ್ದರು. ಆದರೆ ಸದ್ದಿರಲಿಲ್ಲ. ಸೌಟಕ್ಕನ ಅಂಗಡಿಯಲ್ಲಿ ಸೂಪು ಕುಡಿಯುವ ಸೊರಸೊರ, ಇನ್ನೊಬ್ಬರ ಡ್ಯೂಟಿಯ ಮೇಲೆ ಕುಹಕ, ಇವೆಲ್ಲ ಇಲ್ಲದೆ ಊಟವಾದದ್ದೇ ಇಲ್ಲ. ಎಲ್ಲರೂ ಔಷಧಿ ಕುಡಿಯುವವರ ಹಾಗೆ ಚಮಚ ಎತ್ತುತ್ತಿದ್ದರು. ಡಿಪೋದ ಮುದಿ ಕಾವಲುಗಾರ, ಅವನಿಗೆ ಎಲ್ಲರೂ ದೊಡ್ಡಪ್ಪ ಎನ್ನುತ್ತಾರೆ, ಒಂದು ಚಮಚ ಸೂಪಿಗೆ ಒಂದು ಲೋಟ ನೀರು ಕುಡಿಯುತ್ತಿದ್ದ. ನಾನು ಕೂರುವ ಮುಂಚೆಯೇ ಮೂಲೆಯಲ್ಲಿದ್ದ ಒಬ್ಬಳು ಪ್ರಯಾಣಿಕ ಹೆಂಗಸು, ಸೂಟ್‌ಕೇಸು ಕಾಲ ಸಂದಿ ಇಟ್ಟುಕೊಂಡವಳು, ಬಾಯಲ್ಲಿದ್ದುದನ್ನು ಬಟ್ಟಲಿಗೇ ಉಗುಳಿದಳು.

"ಏನ್ರೀ ಇದು, ಸಮುದ್ರದ ನೀರು ಕಾಸಿ ಕೊಟ್ಟಿದೀರಾ?"

ದೊಡ್ಡಪ್ಪ ಅವಳ ಕಡೆ ತಿರುಗಿ ಮೆಲ್ಲಗೆ, "ಸುಮ್ನೆ ತಿನ್ನಮ್ಮಾ," ಎಂದ. "ನಾವೆಲ್ಲಾ ತಿಂತಾ ಇಲ್ವಾ?"

ಆ ಮಾತು ಒಲೆಮನೆಗೆ ಕೇಳಿತು. ಸೌಟಕ್ಕ ಹೊರಗೆ ಬಂದಳು. ಆ ಹೆಂಗಸಿನ ಬಟ್ಟಲು ಎತ್ತಿಕೊಂಡು, ಉಗುಳಿದ್ದು ಎಂದೂ ನೋಡದೆ, ಅದರಲ್ಲೇ ಒಂದು ಚಮಚ ಬಾಯಿಗೆ ಹಾಕಿಕೊಂಡಳು.

ಅವಳ ಮುಖವನ್ನು ನಾನು ಮರೆಯಲಾರೆ. ಮೊದಲು ಅದು ಅರಳಿತು. ತಿಂಗಳುಗಟ್ಟಲೆ ಏನೂ ಇಲ್ಲದ ಬಾಯಿಗೆ ಏನೋ ಒಂದು ಬಂದಿತ್ತು. "ಉಪ್ಪು," ಎಂದಳು ನನ್ನ ಕಡೆ ನೋಡಿ, ಮಗು ಹೊಸ ಮಾತು ಕಲಿತ ಹಾಗೆ. ಇನ್ನೊಂದು ಚಮಚ ಹಾಕಿಕೊಂಡಳು. ಆಮೇಲೆ ಸುತ್ತ ಕೂತವರನ್ನು, ಅವರ ಅರ್ಧ ಖಾಲಿಯಾದ ಬಟ್ಟಲುಗಳನ್ನು ಒಂದೊಂದಾಗಿ ನೋಡಿದಳು. ಆ ಅರಳಿದ ಮುಖ ಹಾಗೇ ಮುಚ್ಚಿಕೊಂಡಿತು.

"ನಾನು ಹಾಕಿದ್ದು ಒಂದು ಮುಚ್ಚಳ," ಎಂದಳು. "ಇಷ್ಟು ಯಾರು ಹಾಕಿದ್ದು?"

ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆಯ ಕೈ ನಿಂತಿತು. ಡಿಪೋದಲ್ಲೇ ಡ್ರೈವರಾಗಿದ್ದ ಅವಳ ಗಂಡ ಆಗಷ್ಟೇ ಬಸ್ಸು ನಿಲ್ಲಿಸಿ ಒಳಗೆ ಬಂದಿದ್ದ. ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಾ ನಿಂತ.

"ನಾನು ಬರೀ ಒಂದು ಚಿಟಿಕೆ," ಎಂದ ಅವನು. "ಬೆಳಿಗ್ಗೆ ಡ್ಯೂಟಿಗೆ ಹೋಗೋ ಮುಂಚೆ."

"ದಿನಾನಾ?"

"ಮೊದ್ಲು ಸಪ್ಪೆ ಇರ್ತಿತ್ತಲ್ಲ. ನೀನು ಡೀಸೆಲ್ ವಾಸನೆಗೆ ಬೈಯೋದು ಬಿಟ್ಟೆ. ಆಗ್ಲೇ ಗೊತ್ತಾಯ್ತು."

ಅತ್ತೆ ಕೂತಲ್ಲಿಂದಲೇ ಹೇಳಿದರು. "ತಳ ಹತ್ತಿದ ಹಾಲನ್ನ ಕೆನೆ ಹಾಕಿ ಬಡಿಸಿದ್ಯಲ್ಲ ಒಂದಿನ. ಆಗ ನನಗೂ ಗೊತ್ತಾಯ್ತು, ನಿನಗೆ ಸೀದ ವಾಸನೆ ಬರ್ಲಿಲ್ಲ ಅಂತ. ನೀನು ಕಟ್ಟಿಗೆ ತರೋಕೆ ಹೋದಾಗ ಒಂದು ಚಿಟಿಕೆ ಹಾಕ್ತಿದ್ದೆ."

"ರುಚಿ ನೋಡಿ ಹಾಕಿದ್ರಾ?"

"ನಿನ್ನ ಪಾತ್ರೆಗೆ ನಾನು ಯಾಕೆ ಚಮಚ ಅದ್ದಲಿ?" ಎಂದರು ಅತ್ತೆ. ಅವರಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ.

ದೊಡ್ಡಪ್ಪನೂ ಬಾಯಿ ಬಿಟ್ಟ. ನೀರು ಕೇಳುವ ನೆಪದಲ್ಲಿ ಒಳಗೆ ಹೋದಾಗ ಅವನೂ ಒಂದಷ್ಟು ಉಪ್ಪು ಹಾಕಿ ಬರುತ್ತಿದ್ದನಂತೆ. ಮೂವರಿಗೂ ಒಬ್ಬರದೊಬ್ಬರಿಗೆ ಗೊತ್ತಿಲ್ಲ. ಮೂವರೂ ಆ ಮನೆಯ ಕಟ್ಟುಪಾಡು ಮೀರದೆ, ರುಚಿ ನೋಡದೆ, ನಂಬಿಕೆಯ ಮೇಲೆ ಹಾಕಿದ್ದು. ಮೊದಲೆಲ್ಲ ಚಿಟಿಕೆ ಚಿಟಿಕೆಯಾಗಿದ್ದುದಕ್ಕೆ ತಾಳಿಕೊಂಡಿತ್ತು. ಆ ದಿನ ಹನಿ, ಚಳಿ, ಗಿರಾಕಿ ಹೆಚ್ಚು ಎಂದು ಮೂವರೂ ಕೈ ಧಾರಾಳ ಮಾಡಿದ್ದರು.

ಇದನ್ನು ಯಾರಿಗಾದರೂ ಹೇಳಿದರೆ ನಗುತ್ತಾರೆ. ಅವಳೂ ಆಮೇಲೆ ನಕ್ಕಿದ್ದಳು. ಆಗ ನಗಲಿಲ್ಲ. "ಎಷ್ಟು ದಿನದಿಂದ ತಿಂತಿದೀರಾ ಇದನ್ನ?" ಎಂದು ಬೆಂಚಿನವರನ್ನು ಕೇಳಿದಳು. ಒಬ್ಬ ಕಂಡಕ್ಟರು, "ಚೆನ್ನಾಗೇ ಇದೆ ಸೌಟಕ್ಕಾ," ಎಂದ. ಆ ಮಾತಿಗೆ ಅವಳು ಸೌಟನ್ನು ಹಲಗೆಯ ಮೇಲಿಟ್ಟು ಹೊರಗೆ ನಡೆದಳು.

ನಾನು ಹಿಂದೆ ಹೋದೆ. ಡಿಪೋದ ಗೇಟಿನೊಳಗೆ ಕೆಟ್ಟು ನಿಂತ ಒಂದು ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ. ಎರಡು ಹೆಬ್ಬೆರಳುಗಳಿಂದ ಹುಬ್ಬಿನ ಮೇಲೆ ಒತ್ತಿ ಹಿಡಿದುಕೊಂಡಿದ್ದಳು.

"ತಲೆ ನೋವಾ?"

"ಅದು ಯಾವಾಗ್ಲೂ ಇದ್ದಿದ್ದೇ ಈಗ." ಕೈ ಕೆಳಗಿಟ್ಟು, "ನಾನು ಹೆದರಿದ್ದು ಇದಕ್ಕೇ ಕಣೇ," ಎಂದಳು. "ಪಾಪ ಅಂತ ತಿಂದ್ರಲ್ಲ. ನಾನು ಬೆಪ್ಪಿ ಹಾಗೆ ಖಾಲಿ ಬಟ್ಟಲು ಎಣಿಸ್ಕೊಂಡು ಖುಷಿಪಡ್ತಿದ್ದೆ."

ಯಾವಾಗಲೂ ಇರುವ ತಲೆನೋವಿನ ಮಾತು ನನಗೆ ಅಂದೇ ಮೊದಲು ಗೊತ್ತಾದದ್ದು. ದೊಡ್ಡ ಆಸ್ಪತ್ರೆಗೆ ಹೋಗೋಣ ಎಂದೆ. ಈ ಸಲ ಅವಳು ಬೇಡ ಎನ್ನಲಿಲ್ಲ.

ಆಸ್ಪತ್ರೆಯಲ್ಲಿ ತಲೆಯ ಚಿತ್ರ ತೆಗೆದರು. ಹಣೆಯ ಹಿಂದೆ, ಮೂಗಿನ ಮೇಲುಗಡೆ, ಒಂದು ಗೆಡ್ಡೆ ಬೆಳೆದಿತ್ತು. ವಾಸನೆಯ ನರಗಳನ್ನು ಅದು ಒತ್ತಿ ಸಾಯಿಸಿತ್ತು. ಜ್ವರಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ನೇರ. ಆಪರೇಶನ್ ಮಾಡಿ ತೆಗೆಯಬೇಕು, ಇಂಥವನ್ನು ತೆಗೆಯಬಹುದು, ಆದರೆ ದೊಡ್ಡದಿದೆ, ಅಪಾಯ ಇಲ್ಲದೇ ಇಲ್ಲ ಎಂದರು.

"ತೆಗೆದ್ರೆ ವಾಸನೆ ಬರುತ್ತಾ?" ಎಂದಳು ಸೌಟಕ್ಕ.

"ಇಲ್ಲ. ಅದು ಹೋಯ್ತು."

"ತೆಗೀದಿದ್ರೆ?"

"ಆಗ್ಲೂ ಬರಲ್ಲ."

"ಈ ಕುಂಬಳದ ಕಾಲ ಮುಗಿಯೋ ತನಕ ಕಾಯಬಹುದಾ?"

ಡಾಕ್ಟರಮ್ಮ ನನ್ನ ಮುಖ ನೋಡಿದರು, ಜತೆಗೆ ಬಂದಿದ್ದ ಗಂಡನ ಮುಖ ನೋಡಿದರು. "ಕೆಲವು ವಾರಕ್ಕೆ ಏನೂ ಆಗದೇ ಇರಬಹುದು. ಆದ್ರೆ ನಾನಾಗಿದ್ರೆ ಕಾಯ್ತಿರಲಿಲ್ಲ," ಎಂದರು.

ಅವಳು ಕಾಯುತ್ತೇನೆ ಎಂದಳು. ಮನೆಯಲ್ಲಿ ದೊಡ್ಡ ಜಗಳವಾಯಿತು. ಗಂಡ ಮೃದು ಮನುಷ್ಯ. ಬಸ್ಸಿಗೆ ಅಡ್ಡ ಬಂದ ನಾಯಿಗೂ ಹಾರ್ನು ಮೆಲ್ಲಗೆ ಒತ್ತುವವನು. ಆವತ್ತು ಪಾತ್ರೆಗಳನ್ನು ಕಾಲಿಂದ ಒದ್ದ. "ಕುಂಬಳಕಾಯಿಗೆ ತಲೆ ಕೊಡ್ತೀಯಾ? ಮುಂದಿನ ವರ್ಷ ಕುಂಬಳ ಬೆಳೆಯಲ್ವಾ?"

"ಕುಂಬಳ ಬೆಳೆಯುತ್ತೆ. ನಾನಿರ್ತೀನಿ ಅಂತ ಯಾರು ಹೇಳ್ತಾರೆ?" ಎಂದಳು ಅವಳು. "ಈ ವರ್ಷ ನಾನು ಮಾಡಿದ್ದೆಲ್ಲಾ ಸುಳ್ಳು ಅಡುಗೆ. ಅದೇ ಕೊನೇದಾಗಿ ನಾನು ಹೋಗಿ ಆ ಮಂಚದ ಮೇಲೆ ಮಲಗಲ್ಲ. ನಾಲ್ಕು ದಿನ ನಿಜವಾದ್ದು ಮಾಡ್ತೀನಿ, ಆಮೇಲೆ ತಲೆ ಕತ್ತರಿಸ್ಲಿ, ಕಾಲು ಕತ್ತರಿಸ್ಲಿ."

ಅವನು ತಾಯಿಯ ಕಡೆ ತಿರುಗಿದ. ಅವರು ಹೇಳಿದರೆ ಸೊಸೆ ಕೇಳಿಯಾಳು ಎಂಬ ಆಸೆ ಅವನದು. ಅತ್ತೆ ತುಂಬ ಹೊತ್ತು ತಮ್ಮ ಮಂಡಿ ತಿಕ್ಕಿಕೊಳ್ಳುತ್ತಾ ಕೂತಿದ್ದರು.

"ಅವಳ ತಲೆ. ಅವಳು ಹೇಳ್ಲಿ," ಎಂದರು.

ಮರುದಿನ ಬೆಳಿಗ್ಗೆ ಸೌಟಕ್ಕ ಒಲೆಯ ಪಕ್ಕ ಒಂದು ಮಣೆ ಹಾಕಿ, ಅದರ ಮೇಲೆ ಹಳೇ ದಿಂಬು ಹಾಕಿ, ಅತ್ತೆಯನ್ನು ಕರೆದಳು. ನಾನು ಕೆಲಸಕ್ಕೆ ಹೋಗುವ ಮುಂಚೆ ನೋಡಲು ಬಂದವಳು ಅಲ್ಲೇ ಇದ್ದೆ.

"ಇಲ್ಲಿ ಕೂತ್ಕೊಳ್ಳಿ. ಇವತ್ತಿಂದ ಈ ಪಾತ್ರೆಗೆ ಎರಡು ನಾಲಿಗೆ. ಕೈ ನಂದು, ನಾಲಿಗೆ ನಿಮ್ದು."

"ನನಗೆ ಹಾಗೆಲ್ಲಾ ಬರಲ್ಲ," ಎಂದರು ಅತ್ತೆ.

"ಬರುತ್ತೆ. ನನ್ನ ಸೀರೆ ಬಗ್ಗೆ ಹೇಳೋ ಹಾಗೆ ಹೇಳಿ. ಪಾಪ ಅಂತ ಏನಾದ್ರೂ ಸುಳ್ಳು ಹೇಳಿದ್ರೋ, ನನ್ನಾಣೆ, ಅವತ್ತೇ ಒಲೆ ಆರಿಸ್ತೀನಿ."

ಆವತ್ತು ಉಪ್ಪಿನ ಮುಚ್ಚಳವನ್ನು ಮುಟ್ಟಿರಲಿಲ್ಲ. ಚಮಚದಲ್ಲಿ ಸೂಪು ಎತ್ತಿ ಊದಿ ಅವರ ಬಾಯಿಯ ಹತ್ತಿರ ಹಿಡಿದಳು. ಅಷ್ಟು ವರ್ಷದ ಮೇಲೆ ಆ ಪಾತ್ರೆಯದನ್ನು ಅವರು ಬಡಿಸುವ ಮುಂಚೆ ಬಾಯಿಗೆ ಹಾಕಿಕೊಂಡದ್ದು ಅಂದೇ.

"ಸಪ್ಪೆ," ಎಂದರು.

"ಎಷ್ಟು ಸಪ್ಪೆ?"

"ಆಸ್ಪತ್ರೆ ಗಂಜಿ ಹಾಗೆ."

ಸೌಟಕ್ಕನಿಗೆ ಎಷ್ಟು ಸಂತೋಷವಾಯಿತು ಎಂದರೆ ನನ್ನ ಬೆನ್ನಿಗೆ ಗುದ್ದಿದಳು. ಉಪ್ಪು ಹಾಕಿದಳು. ಮತ್ತೆ ಚಮಚ. ಇನ್ನೊಂದು ಚೂರು. ಮತ್ತೆ. "ಈಗ ಸರಿ. ಆದ್ರೆ ಬೆಳ್ಳುಳ್ಳಿ ಹಸೀದಾಗೇ ಇದೆ, ಇನ್ನೂ ಸುಡಬೇಕಿತ್ತು. ಯಾವಾಗ್ಲೂ ಅವಸರ ನಿಂದು." ಒಂದು ಸಲ ಬಾಯಿ ತೆರೆದ ಮೇಲೆ ಅತ್ತೆಗೆ ಮುಚ್ಚಲಾಗಲಿಲ್ಲ. ಇಷ್ಟು ವರ್ಷ ನುಂಗಿಕೊಂಡದ್ದೆಲ್ಲ ಬಂತು. ಕೆನೆ ಜಾಸ್ತಿ, ಚಕ್ಕೆ ಹಳೇದು, ಶುಂಠಿಯ ಸಿಪ್ಪೆ ಸರಿಯಾಗಿ ಹೆರೆದಿಲ್ಲ, ಗೆಣಸು ಹೊರಗೆ ಕರಕಲು ಒಳಗೆ ಕಲ್ಲು. ಸೌಟಕ್ಕ ಪ್ರತಿಯೊಂದಕ್ಕೂ ಜಗಳ ಆಡಿದಳು, ಪ್ರತಿಯೊಂದನ್ನೂ ತಿದ್ದಿದಳು.

ಅವರಿಬ್ಬರ ಸದ್ದಿಗೆ ಬೆಂಚಿನವರೂ ಧೈರ್ಯ ತಂದುಕೊಂಡರು. ದೊಡ್ಡಪ್ಪ ಒಂದು ದಿನ, "ಸೌಟಕ್ಕಾ, ಇವತ್ತು ಮೆಣಸು ಗಂಟಲಿಗೆ ಗುದ್ದುತ್ತೆ," ಎಂದ. ಅವಳು ಒಳಗಿಂದಲೇ, "ನಿನಗಲ್ಲ ಕಣಪ್ಪಾ, ನಿನ್ನ ಕೆಮ್ಮಿಗೆ ಹಾಕಿದ್ದು," ಎಂದಳು. ಅಂಗಡಿಗೆ ಮೊದಲಿನ ಸದ್ದು ವಾಪಸು ಬಂತು. ಯಾರೋ ಅರ್ಧ ಬಿಟ್ಟು ಎದ್ದರೂ ಅವಳಿಗೆ ಖುಷಿ. "ನೋಡು, ಬಿಟ್ಟ. ಪಾಪ ಅಂದಿದ್ರೆ ಬಿಡ್ತಿದ್ನಾ?"

ಸೇಬಿನ ರಸದ ಒಂದು ಲೋಟ ಮಾತ್ರ ಅವಳು ದಿನಾ ತನಗೆಂದು ತೆಗೆದಿಟ್ಟುಕೊಳ್ಳುತ್ತಿದ್ದಳು. ಕುಡಿಯುತ್ತಿರಲಿಲ್ಲ. ಮುಖವನ್ನು ಆವಿಯ ಮೇಲೆ ಹಿಡಿದು ನಿಲ್ಲುತ್ತಿದ್ದಳು. ಒಮ್ಮೆ ಅತ್ತೆ ಅದನ್ನು ನೋಡಿ ತಾವಾಗಿಯೇ ಮಾತಾಡಿದರು. "ಲವಂಗ ಮೊದ್ಲು ಬರುತ್ತೆ. ಆಮೇಲೆ ಸೇಬು, ಸ್ವಲ್ಪ ಸುಟ್ಟ ಸಕ್ಕರೆ ಹಾಗೆ. ಶುಂಠಿ ಕೊನೇಲಿ, ಮೂಗಿನ ತುದೀಲಿ." ಸೌಟಕ್ಕ ಕಣ್ಣು ಮುಚ್ಚಿಕೊಂಡು ಕೇಳಿದಳು. "ಇನ್ನೊಂದ್ಸಲ ಹೇಳಿ," ಎಂದಳು. ಅತ್ತೆ ಇನ್ನೊಂದು ಸಲ ಹೇಳಿದರು. ನಾನು ಎಷ್ಟೋ ಪುಸ್ತಕಗಳ ಕರಡು ಓದಿದ್ದೇನೆ. ಒಬ್ಬರಿಗಾಗಿ ಇನ್ನೊಬ್ಬರು ಅಷ್ಟು ಸರಿಯಾಗಿ ಮಾತು ಹುಡುಕಿದ್ದನ್ನು ಕಂಡದ್ದು ಕಡಿಮೆ.

ಗಂಡ ಆ ದಿನಗಳಲ್ಲಿ ಅಂಗಡಿಗೆ ಕಾಲಿಡಲಿಲ್ಲ. ಬೇರೆ ಕಡೆ ಉಣ್ಣುತ್ತಿದ್ದ. ಗೇಟಿನ ಹತ್ತಿರ ನಿಂತು ಕಿಟಕಿಯ ಕಡೆ ನೋಡುತ್ತಿದ್ದ. ಮರಗಳಲ್ಲಿ ಎಷ್ಟು ಎಲೆ ಉಳಿದಿವೆ ಎಂದು ಅವನು ನೋಡುತ್ತಿದ್ದಾನೆ ಎಂದು ನನಗೆ ಅನ್ನಿಸುತ್ತಿತ್ತು.

ಅವಳ ತಲೆನೋವು ಹೆಚ್ಚಾಯಿತು. ಒಂದೆರಡು ಸಲ ಮಾತಿನ ನಡುವೆ ಮಾತು ಮರೆತಳು. ಕುಂಬಳದ ಕೊನೆಯ ಗಾಡಿ ಖಾಲಿಯಾಗುವ ಮುಂಚೆಯೇ ಅತ್ತೆ, "ಸಾಕು ಮಗಾ. ಚೆನ್ನಾಗಾಯ್ತು. ಸುಳ್ಳಲ್ಲ. ಈಗ ಹೋಗು," ಎಂದರು. ಸೌಟಕ್ಕ ಅವರ ಮುಖವನ್ನು ಹುಡುಕಿ ನೋಡಿ, ಒಪ್ಪಿದಳು.

ಆಪರೇಶನ್ನಿನ ಮೇಲೆ ಅವಳಿಗೆ ಎಚ್ಚರವಾಗಲಿಲ್ಲ. ಒಳಗೆ ರಕ್ತ ಹರಿದಿತ್ತು. ಮೊದಲೇ ಮಾಡಿದ್ದರೆ ಉಳಿಯುತ್ತಿದ್ದಳೇ ಎಂದು ಗಂಡ ಡಾಕ್ಟರಮ್ಮನನ್ನು ಕೇಳಿದ. ಹೇಳಲಾಗದು ಎಂದರು ಅವರು. ಅವನಿಗೆ ಬೇಕಾಗಿದ್ದ ಉತ್ತರ ಅದಲ್ಲ. ಹೌದು ಎಂದಿದ್ದರೂ, ಇಲ್ಲ ಎಂದಿದ್ದರೂ ಅವನು ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು.

ಎಲ್ಲ ಮುಗಿಸಿ ಮನೆಗೆ ಬಂದಾಗ, ಬಂದವರ ಎದುರಲ್ಲೇ, ಅವನು ತಾಯಿಗೆ ಹೇಳಿದ: "ನಿನ್ನ ಒಲೆ ನಿನಗೆ ವಾಪಸ್ ಬಂತಲ್ಲ."

ಅವನು ತನ್ನ ಬಟ್ಟೆ ತೆಗೆದುಕೊಂಡು ಡಿಪೋದ ಡ್ರೈವರುಗಳ ಕೋಣೆಗೆ ಹೋದ. ಅಲ್ಲೇ ಇದ್ದಾನೆ.

ಅಂಗಡಿ ಕೆಲವು ದಿನ ಮುಚ್ಚಿತ್ತು. ಆಮೇಲೆ ಒಂದು ಬೆಳಿಗ್ಗೆ ಅತ್ತೆ ಮಂಡಿಗೆ ಬಟ್ಟೆ ಬಿಗಿದುಕೊಂಡು ಒಲೆ ಹಚ್ಚಿದರು. ಬಳಸದೆ ಉಳಿದಿದ್ದ ಕುಂಬಳಗಳು ಮೂಲೆಯಲ್ಲಿದ್ದವು. ಬೆಂಚಿನವರು ಬಂದು ಕೂತರು. ಸೂಪು ಹೇಗಿದೆ ಎಂದು ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಮಧ್ಯಾಹ್ನ ಒಂದು ಮುಚ್ಚಳದ ಡಬ್ಬಿಯಲ್ಲಿ ಸೂಪು ಹಾಕಿ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಡ್ರೈವರುಗಳ ಕೋಣೆಗೆ ಒಯ್ದು ಅವರ ಮಗನಿಗೆ ಕೊಟ್ಟೆ.

ಅಂದಿನಿಂದ ರಸ್ತೆ ದಾಟುವುದು ನನ್ನ ಕೆಲಸವಾಗಿದೆ. ಅವನು ಡಬ್ಬಿ ತೆಗೆದುಕೊಳ್ಳುತ್ತಾನೆ, ಬಸ್ಸಿನ ಮೆಟ್ಟಿಲ ಮೇಲೆ ಕೂತು ತಿನ್ನುತ್ತಾನೆ, ತೊಳೆದು ಕೊಡುತ್ತಾನೆ. "ಏನಂದ?" ಎಂದು ಅತ್ತೆ ದಿನಾ ಕೇಳುತ್ತಾರೆ. "ಏನೂ ಅನ್ಲಿಲ್ಲ," ಎನ್ನುತ್ತೇನೆ. ಅವರ ಹತ್ತಿರ ಚೆನ್ನಾಗಿತ್ತಂತೆ ಎಂದು ಸುಳ್ಳು ಹೇಳಲು ನನಗೆ ಬಾಯಿ ಬರುವುದಿಲ್ಲ. ಅವರಿಗೂ ಅದು ಬೇಡ.

ನಿನ್ನೆ ಅವನು ಅರ್ಧ ತಿಂದು ಚಮಚ ಇಟ್ಟ. ಡಬ್ಬಿಯೊಳಗೇ ನೋಡುತ್ತಾ, "ಉಪ್ಪು ಸಾಲದು ಅಕ್ಕಾ," ಎಂದ. ಡಬ್ಬಿ ಮುಚ್ಚುತ್ತಾ, "ಅಂತ ಹೇಳು ಅಮ್ಮಂಗೆ," ಎಂದ.

ನಾನು ಬೇಗ ಬೇಗ ಬಂದು ಹೇಳಿದೆ. ಅತ್ತೆ ಒಲೆಯ ಮುಂದೆ ನಿಂತಿದ್ದರು. ಪಾತ್ರೆಯಲ್ಲಿ ಇನ್ನೂ ಸೂಪಿತ್ತು. ಅವರು ಉಪ್ಪಿನ ಡಬ್ಬಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದರು, ಹಾಕಲಿಲ್ಲ. ಹಾಗೇ ಮುಷ್ಟಿ ಹಿಡಿದುಕೊಂಡು, ಮಂಡಿ ಎಳೆಯುತ್ತಾ ಹೊರ ಬಾಗಿಲಿಗೆ ಹೋದರು. ಅವನ ಬಸ್ಸು ಆಗಲೇ ಗೇಟು ದಾಟಿ ರಸ್ತೆಗೆ ತಿರುಗುತ್ತಿತ್ತು. ಅವನು ಈ ಕಡೆ ನೋಡಿದನೋ ಇಲ್ಲವೋ, ಗಾಜಿನ ಮೇಲೆ ಬಿಸಿಲಿತ್ತು, ಕಾಣಲಿಲ್ಲ.

ಬಸ್ಸು ಹೋದ ಮೇಲೂ ಅವರು ಅಲ್ಲೇ ನಿಂತಿದ್ದರು. ಆಮೇಲೆ ಒಳಗೆ ಬಂದು ಉಪ್ಪನ್ನು ಡಬ್ಬಕ್ಕೇ ವಾಪಸು ಹಾಕಿದರು.

"ಬೇಕಾದ್ರೆ ಅವನೇ ಬಂದು ಹಾಕ್ಕೊಳ್ಳಲಿ," ಎಂದರು.

ಆದರೆ ಡಬ್ಬದ ಬಾಯಿ ಮುಚ್ಚಲಿಲ್ಲ. ಒಲೆಯ ಕೆಂಡವನ್ನು ಮುಂದಕ್ಕೆಳೆದು, ಪಾತ್ರೆ ಆರದಂತೆ ಅದರ ಮೇಲೆ ಸರಿಸಿ ಇಟ್ಟರು.